ಗಾಜಿನ ಕೊಳವೆ, ಗಿಟಾರಿನ ದನಿ

ಗಿಟಾರು ಹುಟ್ಟಿನಿಂದಲೇ ಮೆಲುದನಿಯ ವಾದ್ಯ. ಒಂದು ಕೋಣೆಯಲ್ಲಿ ಹತ್ತಾರು ಮಂದಿ ಕುಳಿತು ಕೇಳುವುದಕ್ಕೆ ಅದರ ಮರದ ಒಡಲು ಹೊಮ್ಮಿಸುವ ನಾದ ಸಾಕು. ಆದರೆ ತುತ್ತೂರಿ, ಸ್ಯಾಕ್ಸೊಫೋನು, ನಗಾರಿಗಳು ಒಟ್ಟಿಗೆ ಮೊಳಗುವ ನೃತ್ಯಶಾಲೆಯಲ್ಲಿ ಆ ನಾದ ಎಲ್ಲಿ ಅಡಗಿತೆಂದು ಹುಡುಕಬೇಕಾಗುತ್ತದೆ. ಅಮೆರಿಕದ ವಾದಕರನ್ನು 1920ರ ದಶಕದಲ್ಲಿ ಕಾಡಿದ ತೊಂದರೆ ಇದೇ. ಮುಂದಿನ ದಶಕದ ಆರಂಭದಲ್ಲಿ ಅದಕ್ಕೊಂದು ಪರಿಹಾರ ದೊರೆಯಿತು. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವನ್ನೂ, ಅದರೊಡನೆ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿಯನ್ನೂ ಇಟ್ಟರೆ, ಮೇಲಿನ ತಂತಿ ಮಿಡಿದಾಗಲೆಲ್ಲ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ತಂತಿ ಹೇಗೆ ಕಂಪಿಸುವುದೋ ವಿದ್ಯುತ್ತೂ ಹಾಗೆಯೇ ಏರಿಳಿಯುತ್ತದೆ. ಅದರ ಪ್ರಮಾಣ ಸಾಮಾನ್ಯವಾಗಿ ಒಂದು ವೋಲ್ಟಿಗಿಂತ ಕಡಿಮೆ. ಇಷ್ಟರಿಂದ ದೊಡ್ಡ ಸ್ಪೀಕರಿನ ಕಾಗದದ ಶಂಕುವನ್ನು ಅಲುಗಿಸಹೊರಡುವುದು ಇರುವೆಯಿಂದ ತೇರನ್ನು ಎಳೆಸಹೊರಟಂತೆ.

ಇವೆರಡರ ನಡುವೆ ಬೇಕಾದುದು ವರ್ಧಕ, ಎಂದರೆ ಆಂಪ್ಲಿಫೈಯರು. ಗಿಟಾರಿನ ವರ್ಧಕದಲ್ಲಿ ಎರಡು ಹಂತಗಳಿರುತ್ತವೆ. ಮೊದಲ ಹಂತದಲ್ಲಿ ಕಿರಿಯ ಕೊಳವೆಗಳು ಗಿಟಾರಿನ ಅಲ್ಪ ಸಂಕೇತವನ್ನು ಹಲವು ಪಟ್ಟು ಹಿಗ್ಗಿಸುತ್ತವೆ. ಕೊನೆಯ ಹಂತದಲ್ಲಿ ದಪ್ಪನೆಯ ಒಂದು ಜೋಡಿ ಅಥವಾ ಎರಡು ಜೋಡಿ ಕೊಳವೆಗಳು ಸ್ಪೀಕರನ್ನು ನಡುಗಿಸುವಷ್ಟು ಶಕ್ತಿಯನ್ನು ಒದಗಿಸುತ್ತವೆ. ಇವನ್ನು ಶಕ್ತಿಕೊಳವೆಗಳು ಎನ್ನಬಹುದು. ಯಂತ್ರದ ಹಿಂಬದಿಯಿಂದ ಇಣುಕಿದರೆ ಕಿತ್ತಳೆ ಬಣ್ಣದ ಕೆಂಡದಂತೆ ಹೊಳೆಯುತ್ತ ಕಾಣುವವು ಇವೇ.

1947ರಲ್ಲಿ ಟ್ರಾನ್ಸಿಸ್ಟರು ಹುಟ್ಟಿದ ಮೇಲೆ ಗಾಜಿನ ಕೊಳವೆಗಳ ಕಾಲ ಮುಗಿಯಿತೆಂದೇ ಎಲ್ಲರೂ ತಿಳಿದರು. ರೇಡಿಯೊದಿಂದ ಅವು ಹೋದವು, ಗಣಕಯಂತ್ರದಿಂದ ಹೋದವು, ದೂರದರ್ಶನದಿಂದಲೂ ಹೋದವು. ಗಿಟಾರಿನ ವರ್ಧಕದಲ್ಲಿ ಮಾತ್ರ ಉಳಿದುಕೊಂಡವು. ಹಳೆಯ ವಸ್ತುವಿನ ಮೇಲಿನ ಮೋಹವೆಂದು ಇದನ್ನು ಕಂಡು ನಗುವವರುಂಟು. ಮೋಹ ಸ್ವಲ್ಪವೂ ಇಲ್ಲವೆನ್ನಲಾಗದು. ಆದರೆ ಬೇರೊಂದು ಕಾರಣವೂ ಇದೆ. ಶಕ್ತಿ ಮೀರಿ ದುಡಿಸಿದಾಗ ಕೊಳವೆಯ ವರ್ಧಕವು ಸ್ವರವನ್ನು ಥಟ್ಟನೆ ಕತ್ತರಿಸುವುದಿಲ್ಲ. ಮೆಲ್ಲಮೆಲ್ಲನೆ ಹಿಂಡುತ್ತ, ಒರಟುಗೊಳಿಸುತ್ತ ಹೋಗುತ್ತದೆ. ರೇಡಿಯೊ ಕೇಳುವವನಿಗೆ ಇದು ದೋಷ. ಗಿಟಾರು ನುಡಿಸುವವನಿಗೆ ಇದೇ ಬೇಕಾದ ದನಿ. ವರ್ಧಕವು ಅವನಿಗೆ ಸದ್ದನ್ನು ಹೆಚ್ಚಿಸುವ ಸಾಧನ ಮಾತ್ರವಲ್ಲ, ವಾದ್ಯದ ಅರ್ಧ ಭಾಗ. ಆದ್ದರಿಂದ ಯಾವ ಕೊಳವೆಯನ್ನು ಆರಿಸಬೇಕು, ಅದರ ಮೂಲಕ ಎಷ್ಟು ವಿದ್ಯುತ್ತನ್ನು ಹರಿಯಗೊಡಬೇಕು ಎಂಬ ಪ್ರಶ್ನೆಗಳು ಅವನಿಗೆ ಶ್ರುತಿಯ ಪ್ರಶ್ನೆಯಷ್ಟೇ ಮುಖ್ಯವಾಗಿವೆ.

ಕೊಳವೆಯ ಒಳಗೆ ನಡೆಯುವುದೇನೆಂಬುದನ್ನು ಮೊದಲು ತಿಳಿಯಬೇಕು. ಗಾಜಿನ ಬುರುಡೆಯಿಂದ ಗಾಳಿಯನ್ನು ಪೂರ್ಣವಾಗಿ ತೆಗೆದುಹಾಕಿರುತ್ತಾರೆ. ನಡುವೆ ಕ್ಯಾಥೋಡು ಎಂಬ ಸಣ್ಣ ಲೋಹದ ಕೊಳಾಯಿ ಇರುತ್ತದೆ. ಅದರ ಮೈಗೆ ಬೇರಿಯಂ ಮತ್ತು ಸ್ಟ್ರಾನ್ಷಿಯಂ ಆಕ್ಸೈಡುಗಳ ಲೇಪವಿರುತ್ತದೆ. ಒಳಗಿನ ತಂತು ಅದನ್ನು ಕಾಯಿಸಿದಾಗ ಲೇಪದಿಂದ ಎಲೆಕ್ಟ್ರಾನುಗಳು ಹೊರಚಿಮ್ಮುತ್ತವೆ. ಸುತ್ತಲೂ ಇರುವ ಲೋಹದ ಫಲಕಕ್ಕೆ ನಾನೂರು, ನಾನೂರೈವತ್ತು ವೋಲ್ಟಿನಷ್ಟು ಧನವಿದ್ಯುತ್ತನ್ನು ಕೊಟ್ಟಿರುವುದರಿಂದ, ಋಣವಿದ್ಯುತ್ತಿನ ಕಣಗಳಾದ ಎಲೆಕ್ಟ್ರಾನುಗಳು ಅದರತ್ತ ಧಾವಿಸುತ್ತವೆ. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ರಚಿಸಿದ ಕೊಳವೆಯಲ್ಲಿ ಇದ್ದುದು ಇಷ್ಟೆ. ವಿದ್ಯುತ್ತು ಅದರಲ್ಲಿ ಒಂದೇ ದಿಕ್ಕಿಗೆ ಹರಿಯುತ್ತಿದ್ದುದರಿಂದ ಅವರು ಅದನ್ನು ವಾಲ್ವು, ಎಂದರೆ ಕವಾಟ, ಎಂದು ಕರೆದರು. ನಮ್ಮ ಹಿರಿಯರು ಮನೆಯ ಹಳೆಯ ರೇಡಿಯೊವನ್ನು ವಾಲ್ವು ರೇಡಿಯೊ ಎನ್ನುತ್ತಿದ್ದುದು ಆ ಹೆಸರಿನಿಂದಲೇ.

ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಇವೆರಡರ ನಡುವೆ ಇನ್ನೊಂದು ತಂತಿಯನ್ನು ಇಟ್ಟರು. ಮುಂದೆ ಅದು ಜಾಲರಿಯ ರೂಪ ತಾಳಿತು. ಕೆರೆಯ ತೂಬಿನಂತೆ ಈ ಜಾಲರಿ. ಕೆರೆಯ ನೀರೆಲ್ಲ ಏರಿಯನ್ನು ಒತ್ತುತ್ತಿದ್ದರೂ ತೂಬಿನ ಮೇಲೆ ನಿಂತ ನೀರುಗಂಟಿ ಒಂದು ಕೈಯ ಬಲದಿಂದ ಕಾಲುವೆಯ ನೀರನ್ನು ಏರಿಸಬಲ್ಲ, ಇಳಿಸಬಲ್ಲ. ಹಾಗೆಯೇ ಜಾಲರಿಗೆ ಕೊಟ್ಟ ಸಣ್ಣ ಋಣವಿದ್ಯುತ್ತು ಫಲಕದತ್ತ ಹರಿಯುವ ದೊಡ್ಡ ಪ್ರವಾಹವನ್ನು ಹತೋಟಿಯಲ್ಲಿಡುತ್ತದೆ. ಜಾಲರಿ ಹೆಚ್ಚು ಋಣವಾದಷ್ಟೂ ಎಲೆಕ್ಟ್ರಾನುಗಳು ಹಿಂದಕ್ಕೆ ತಳ್ಳಲ್ಪಡುತ್ತವೆ. ಕಡಿಮೆ ಋಣವಾದಷ್ಟೂ ಧಾರಾಳವಾಗಿ ಹರಿಯುತ್ತವೆ. ಮುಂದೆ 1926ರಲ್ಲಿ ಹಾಲೆಂಡಿನ ಬರ್ನಾರ್ಡ್ ಟೆಲೆಗೆನ್ ಮೂರು ಜಾಲರಿಗಳ ಪೆಂಟೋಡ್ ಕೊಳವೆಯನ್ನು ಕಂಡುಹಿಡಿದರು. 1936ರಲ್ಲಿ ಅಮೆರಿಕದ ಆರ್‌ಸಿಎ ಸಂಸ್ಥೆ 6ಎಲ್6 ಎಂಬ ಕೊಳವೆಯನ್ನು ಹೊರತಂದಿತು. ಅದರಲ್ಲಿ ಮೂರನೆಯ ಜಾಲರಿಯ ಬದಲಿಗೆ ಎಲೆಕ್ಟ್ರಾನುಗಳನ್ನು ಕಿರಣದಂತೆ ಒತ್ತೊತ್ತಾಗಿ ಸಾಗಿಸುವ ಎರಡು ಲೋಹದ ತಗಡುಗಳಿದ್ದವು. ಗಿಟಾರಿನ ಶಕ್ತಿಕೊಳವೆಗಳೆಲ್ಲ ಬಹುಮಟ್ಟಿಗೆ ಈ ಎರಡು ಕುಲಗಳಿಗೆ ಸೇರಿದವು.

ಈ ಕೊಳವೆಗಳ ಆಯ್ಕೆ ದನಿಯನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಕ್ಯಾಲಿಫೋರ್ನಿಯದ ಲಿಯೊ ಫೆಂಡರ್ ಅವರ ಸಂಸ್ಥೆ 1952ರಲ್ಲಿ ಬಾಸ್ ಗಿಟಾರಿಗೆಂದು ಬಾಸ್‌ಮನ್ ಎಂಬ ವರ್ಧಕವನ್ನು ತಯಾರಿಸಿತು. ಆ ದಶಕದ ಕೊನೆಯ ವೇಳೆಗೆ ಅದು ಒಂದು ಜೋಡಿ 5881 ಕೊಳವೆಗಳನ್ನೂ ಹತ್ತು ಅಂಗುಲದ ನಾಲ್ಕು ಸ್ಪೀಕರುಗಳನ್ನೂ ಹೊಂದಿತ್ತು. 5881 ಎಂಬುದು 6ಎಲ್6ನ ಗಟ್ಟಿಮುಟ್ಟಾದ ತಮ್ಮ. ಬಾಸ್ ವಾದಕರಿಗೆಂದು ಮಾಡಿದ ಯಂತ್ರವನ್ನು ಗಿಟಾರು ವಾದಕರು ಮೆಚ್ಚಿ ತಮ್ಮದಾಗಿಸಿಕೊಂಡದ್ದು ಒಂದು ವಿನೋದ. ಅದರ ದನಿ ದುಂಡಗೆ, ತಿಳಿಯಾಗಿ, ಗಂಟೆಯ ಮೇಲಿನ ಪೆಟ್ಟಿನಂತೆ ಇರುತ್ತಿತ್ತು.

ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಎಂಬ ಡ್ರಮ್ಮು ಶಿಕ್ಷಕರು ವಾದ್ಯಗಳ ಅಂಗಡಿಯನ್ನು ಇಟ್ಟಿದ್ದರು. ಅಮೆರಿಕದಿಂದ ಬರುವ ವರ್ಧಕಗಳ ಬೆಲೆ ಅವರ ಗಿರಾಕಿಗಳಾದ ಹುಡುಗರಿಗೆ ಎಟಕುವಂತಿರಲಿಲ್ಲ. 1962ರಲ್ಲಿ ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಎಂಬ ಇಬ್ಬರು ತಂತ್ರಜ್ಞರ ನೆರವಿನಿಂದ ಮಾರ್ಷಲ್ ತಮ್ಮದೇ ವರ್ಧಕವನ್ನು ಕಟ್ಟಿಸಿದರು. ಜೆಟಿಎಂ45 ಎಂಬ ಆ ಯಂತ್ರದ ಮಂಡಲ ಬಾಸ್‌ಮನ್ನಿನದೇ ಎಂದರೆ ತಪ್ಪಿಲ್ಲ; ಬಹುಪಾಲು ಗೆರೆಗೆ ಗೆರೆ ಹೊಂದುತ್ತದೆ. ಆದರೂ ದನಿ ಬೇರೆಯಾಯಿತು. ಮೊದಲು 5881 ಕೊಳವೆಗಳನ್ನೇ ಹಾಕಿದ್ದರೂ, ಬಳಿಕ ಇಂಗ್ಲೆಂಡಿನಲ್ಲೇ ಸಿಗುತ್ತಿದ್ದ ಕೆಟಿ66 ಕೊಳವೆಗಳು ಅವುಗಳ ಸ್ಥಾನಕ್ಕೆ ಬಂದವು. 1960ರ ದಶಕದ ಉತ್ತರಾರ್ಧದಲ್ಲಿ ಇಎಲ್34 ಎಂಬ ಪೆಂಟೋಡ್ ಕೊಳವೆ ಬಂದಿತು. 1966ರಲ್ಲಿ ಎರಿಕ್ ಕ್ಲಾಪ್ಟನ್, ಜಾನ್ ಮೇಯಲ್ ಅವರೊಡನೆ ನುಡಿಸಿದ ‘ಬ್ಲೂಸ್ ಬ್ರೇಕರ್ಸ್’ ಧ್ವನಿಮುದ್ರಿಕೆಯಲ್ಲಿ ಕೇಳಿಸುವುದು ಕೆಟಿ66 ಕೊಳವೆಗಳ ಮಾರ್ಷಲ್ ವರ್ಧಕ. ಮುಂದಿನ ರಾಕ್ ಸಂಗೀತದ ಆರ್ಭಟದಲ್ಲಿ ಇಎಲ್34ನ ದನಿಯೇ ಹೆಚ್ಚು. ಒಂದೇ ಮಂಡಲದ ಅಣ್ಣತಮ್ಮಂದಿರು ಸಾಗರದ ಎರಡು ದಡಗಳಲ್ಲಿ ಎರಡು ಬಗೆಯ ಮಾತನ್ನಾಡತೊಡಗಿದರು.

ಈ ಭೇದವೆಲ್ಲ ಕೊಳವೆಯಿಂದಲೇ ಆಯಿತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಮಾರ್ಷಲ್ ಯಂತ್ರದ ಮೊದಲ ಹಂತದ ಕೊಳವೆ ಹೆಚ್ಚು ಹಿಗ್ಗಿಸುವ ಜಾತಿಯದಾಗಿತ್ತು, ಟ್ರಾನ್ಸ್‌ಫಾರ್ಮರು ಬೇರೆ, ಸ್ಪೀಕರುಗಳು ಹನ್ನೆರಡು ಅಂಗುಲದವು, ಹಿಂಬದಿ ಮುಚ್ಚಿದ ಪೆಟ್ಟಿಗೆಯೊಳಗಿನವು. ಇಂದಿಗೂ ಕೊಳವೆಯೊಂದನ್ನು ಬದಲಿಸಿದ ಮಾತ್ರಕ್ಕೆ ತನ್ನ ಗಿಟಾರು ಕ್ಲಾಪ್ಟನ್ನರ ಗಿಟಾರಾಗುವುದೆಂದು ಹಣ ತೆರುವ ಹುಡುಗರಿಗೆ ಕೊರತೆಯಿಲ್ಲ. ಹಾಗೆಂದು ನಂಬಿಸುವ ವ್ಯಾಪಾರಿಗಳಿಗೂ ಇಲ್ಲ.

ಕೊಳವೆಯನ್ನು ಆರಿಸುವಾಗ ದನಿಗಿಂತ ಮೊದಲು ನೋಡಬೇಕಾದ ವಿಷಯಗಳಿವೆ. 6ಎಲ್6 ಮತ್ತು ಇಎಲ್34 ಎರಡಕ್ಕೂ ಎಂಟು ಕಡ್ಡಿಗಳ ಒಂದೇ ಅಳತೆಯ ಪೀಠ. ಒಂದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸಬಹುದು. ಸಿಕ್ಕಿತೆಂದ ಮಾತ್ರಕ್ಕೆ ಸೇರಿತೆಂದು ಅರ್ಥವಲ್ಲ. ಎರಡರ ತಂತುವಿಗೂ 6.3 ವೋಲ್ಟು ಬೇಕು. ಈ ವಿಚಿತ್ರ ಸಂಖ್ಯೆ ಬಂದದ್ದು ಮೋಟಾರು ಕಾರಿನಿಂದ: ಕಾರಿನ ಸೀಸದ ಬ್ಯಾಟರಿಯ ಒಂದು ಕೋಶ 2.1 ವೋಲ್ಟು, ಅಂಥ ಮೂರು ಕೋಶಗಳು ಸೇರಿದರೆ 6.3. ವೋಲ್ಟು ಒಂದೇ ಆದರೂ 6ಎಲ್6ನ ತಂತು 0.9 ಆಂಪಿಯರ್ ಪ್ರವಾಹವನ್ನು ಬೇಡಿದರೆ ಇಎಲ್34ನ ತಂತು 1.5 ಆಂಪಿಯರನ್ನು ಬೇಡುತ್ತದೆ. ಅಷ್ಟನ್ನು ಕೊಡಲು ಯಂತ್ರದ ಟ್ರಾನ್ಸ್‌ಫಾರ್ಮರಿಗೆ ಸಾಮರ್ಥ್ಯವಿಲ್ಲದಿದ್ದರೆ ಅದು ಕಾಯ್ದು ಕೊನೆಗೆ ಸುಟ್ಟುಹೋಗುತ್ತದೆ. ಇಎಲ್34ನ ಒಂದನೆಯ ಕಡ್ಡಿಗೆ ಅದರ ಮೂರನೆಯ ಜಾಲರಿ ಸೇರಿದೆ. ಅದನ್ನು ಕ್ಯಾಥೋಡಿನೊಡನೆ ಜೋಡಿಸಲೇಬೇಕು. 6ಎಲ್6ಗೆ ಈ ಜೋಡಣೆಯ ಅಗತ್ಯವೇ ಇಲ್ಲ. ಫಲಕದ ವೋಲ್ಟನ್ನು ಕೊಳವೆ ತಾಳಬೇಕು. ಸ್ಪೀಕರಿಗೆ ಶಕ್ತಿಯನ್ನು ದಾಟಿಸುವ ಟ್ರಾನ್ಸ್‌ಫಾರ್ಮರಿಗೂ ಕೊಳವೆಗೂ ಹೊಂದಾಣಿಕೆ ಇರಬೇಕು. ಬಲ್ಬನ್ನು ಬದಲಿಸಿದಂತೆ ಶಕ್ತಿಕೊಳವೆಯನ್ನು ಬದಲಿಸಲಾಗದು ಎನ್ನುವುದು ಇದಕ್ಕೇ.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಬಯಾಸ್. ಇಂಗ್ಲಿಷಿನ ಈ ಪದಕ್ಕೆ ಒಂದು ಕಡೆಗೆ ವಾಲಿರುವುದು, ಓಲು, ಪಕ್ಷಪಾತ ಎಂಬ ಅರ್ಥಗಳುಂಟು. ನ್ಯಾಯಾಧೀಶನಲ್ಲಿ ಇದ್ದರೆ ದೋಷ. ಕೊಳವೆಯಲ್ಲಿ ಇಲ್ಲದಿದ್ದರೆ ಅನರ್ಥ. ಗಿಟಾರು ನುಡಿಯದೆ ಸುಮ್ಮನಿರುವಾಗ ಜಾಲರಿ ಎಷ್ಟು ಋಣವಾಗಿರಬೇಕು ಎಂಬ ನಿರ್ಧಾರವೇ ಬಯಾಸ್. ಸಂಗೀತವಿಲ್ಲದ ಮೌನದಲ್ಲೂ ಕೊಳವೆಯಲ್ಲಿ ಸ್ವಲ್ಪ ಪ್ರವಾಹ ಹರಿಯುತ್ತಿರಬೇಕು. ಎಷ್ಟು ಎಂಬುದೇ ಪ್ರಶ್ನೆ.

ಮೌನದಲ್ಲಿ ಹರಿಯುವುದೇಕೆ? ಇದು ತಿಳಿಯಬೇಕಾದರೆ ಎರಡು ಕೊಳವೆಗಳ ಜೋಡಿದುಡಿಮೆಯನ್ನು ನೋಡಬೇಕು. ಒಂದೇ ಒರಳಿಗೆ ಇಬ್ಬರು ಹೆಂಗಸರು ಎದುರುಬದುರಾಗಿ ನಿಂತು ಭತ್ತ ಕುಟ್ಟುವುದನ್ನು ಹಳ್ಳಿಯಲ್ಲಿ ಕಂಡವರಿದ್ದಾರೆ. ಒಬ್ಬಳ ಒನಕೆ ಇಳಿಯುವಾಗ ಇನ್ನೊಬ್ಬಳದು ಏರುತ್ತದೆ. ಹೀಗೆಯೇ ಸಂಕೇತದ ತೆರೆಯ ಮೇಲ್ಭಾಗವನ್ನು ಒಂದು ಕೊಳವೆಯೂ ಕೆಳಭಾಗವನ್ನು ಇನ್ನೊಂದು ಕೊಳವೆಯೂ ವಹಿಸಿಕೊಳ್ಳುತ್ತವೆ. ಟ್ರಾನ್ಸ್‌ಫಾರ್ಮರು ಎರಡನ್ನೂ ಕೂಡಿಸಿ ಪೂರ್ಣ ತೆರೆಯನ್ನು ಸ್ಪೀಕರಿಗೆ ಕೊಡುತ್ತದೆ. ಜಾಲರಿಯನ್ನು ಅತಿಯಾಗಿ ಋಣಗೊಳಿಸಿದರೆ ಒಂದು ಕೊಳವೆ ಕೆಲಸ ಮುಗಿಸಿದ ಕ್ಷಣಕ್ಕೂ ಇನ್ನೊಂದು ಎಚ್ಚೆತ್ತುಕೊಳ್ಳುವ ಕ್ಷಣಕ್ಕೂ ನಡುವೆ ಬಿರುಕು ಬೀಳುತ್ತದೆ. ಇಬ್ಬರೂ ಒನಕೆ ಎತ್ತಿ ನಿಂತರೆ ಒರಳಿನಲ್ಲಿ ಪೆಟ್ಟು ಬೀಳದಷ್ಟೆ. ತೆರೆ ಸೊನ್ನೆಯನ್ನು ದಾಟುವ ಎಡೆಯಲ್ಲಿ ಈ ಬಿರುಕು ಬೀಳುವುದರಿಂದ ಮೆಲ್ಲನೆ ನುಡಿಸಿದ ಸ್ವರವೇ ಹೆಚ್ಚು ಕೆಡುತ್ತದೆ: ಒಣಗಿ, ಕೀಚಲಾಗಿ, ತೇಲುವ ಬದಲು ಕೆರೆಯುತ್ತದೆ. ಇದನ್ನು ತಣ್ಣನೆಯ ಬಯಾಸ್ ಎನ್ನುತ್ತಾರೆ. ಇದರಿಂದ ಕೊಳವೆಯ ಆಯುಸ್ಸು ಹೆಚ್ಚುತ್ತದೆ. ಸಂಗೀತದ ಆಯುಸ್ಸು ಕುಗ್ಗುತ್ತದೆ.

ಜಾಲರಿಯನ್ನು ತೀರ ಕಡಿಮೆ ಋಣಗೊಳಿಸಿದರೆ ಇದಕ್ಕೆ ವಿರುದ್ಧವಾದ ಕೇಡು. ಎರಡು ಕೊಳವೆಗಳೂ ಮೌನದಲ್ಲೇ ಧಾರಾಳವಾಗಿ ಪ್ರವಾಹವನ್ನು ಹರಿಸುತ್ತವೆ. ಆ ಶಕ್ತಿಯಿಂದ ಸಂಗೀತವೇನೂ ಹುಟ್ಟದ ಕಾರಣ ಅದೆಲ್ಲ ಫಲಕದ ಮೇಲೆ ಶಾಖವಾಗಿ ಮಾರ್ಪಡುತ್ತದೆ. ಮಿತಿ ಮೀರಿದರೆ ಬೂದುಬಣ್ಣದ ಫಲಕದ ಮೇಲೆ ಕಾದ ಕಬ್ಬಿಣದಂಥ ಕೆಂಪು ಕಲೆ ಮೂಡುತ್ತದೆ. ಒಡನೆಯೇ ಯಂತ್ರವನ್ನು ಆರಿಸದಿದ್ದರೆ ಕೊಳವೆ ಹಾಳು. ಅದರೊಡನೆ, ಅದಕ್ಕಿಂತ ಹಲವು ಪಟ್ಟು ಬೆಲೆಬಾಳುವ ಟ್ರಾನ್ಸ್‌ಫಾರ್ಮರೂ ಹಾಳಾದೀತು. ಕಾವು ಹೆಚ್ಚಿದಷ್ಟೂ ದನಿ ಸೊಗಸಾಗುವುದೆಂಬ ಮಾತು ಗಿಟಾರು ವಾದಕರಲ್ಲಿ ಬಳಕೆಯಲ್ಲಿದೆ. ಅದು ಅರ್ಧ ಸತ್ಯ. ಒಂದು ಹಂತದವರೆಗೆ ದನಿ ತುಂಬಿಕೊಳ್ಳುತ್ತದೆ. ಅದನ್ನು ದಾಟಿದರೆ ಮಂದವಾಗಿ, ಒಡೆಯಬಾರದ ಕಡೆ ಒಡೆಯುತ್ತದೆ.

ಈ ಎರಡು ಕೇಡುಗಳ ನಡುವಿನ ನೆಲೆಯನ್ನು ಲೆಕ್ಕದಿಂದ ಕಂಡುಕೊಳ್ಳಬಹುದು. ಪ್ರತಿಯೊಂದು ಕೊಳವೆಯ ಫಲಕ ತಾಳಿಕೊಳ್ಳಬಲ್ಲ ಶಾಖಕ್ಕೆ ತಯಾರಕರು ಒಂದು ಮಿತಿಯನ್ನು ಹೇಳಿರುತ್ತಾರೆ. 6ಎಲ್6ನ ಸುಧಾರಿತ ರೂಪವಾದ 6ಎಲ್6ಜಿಸಿಗೆ ಅದು 30 ವಾಟ್. ಇಎಲ್34ಗೆ 25 ವಾಟ್. ನುಡಿಸುವಾಗ ಶಾಖ ಇನ್ನೂ ಏರುವುದರಿಂದಲೂ, ಮನೆಗೆ ಬರುವ ವಿದ್ಯುತ್ತಿನ ವೋಲ್ಟು ಒಂದೇ ಸಮನಾಗಿ ಇರದುದರಿಂದಲೂ ಮೌನದಲ್ಲಿ ಈ ಮಿತಿಯ ನೂರಕ್ಕೆ ಎಪ್ಪತ್ತು ಪಾಲನ್ನು ಮೀರಬಾರದೆಂಬುದು ಕೆಲಸಗಾರರ ರೂಢಿಯ ನಿಯಮ. ಫಲಕದ ವೋಲ್ಟು 450 ಎಂದಿರಲಿ. 30 ವಾಟಿನ ನೂರಕ್ಕೆ ಎಪ್ಪತ್ತು ಎಂದರೆ 21 ವಾಟ್. ಅದನ್ನು 450ರಿಂದ ಭಾಗಿಸಿದರೆ ಬರುವುದು ಸುಮಾರು 0.047 ಆಂಪಿಯರ್, ಎಂದರೆ 47 ಮಿಲಿ ಆಂಪಿಯರ್. ಅದೇ ಯಂತ್ರದಲ್ಲಿ ಇಎಲ್34 ಇದ್ದರೆ 17.5 ವಾಟನ್ನು 450ರಿಂದ ಭಾಗಿಸಬೇಕು: ಸುಮಾರು 39 ಮಿಲಿ ಆಂಪಿಯರ್. ಇದು ಮುಟ್ಟಲೇಬೇಕಾದ ಗುರಿಯಲ್ಲ, ದಾಟಬಾರದ ಗಡಿ. ನೂರಕ್ಕೆ ಐವತ್ತರಿಂದ ಎಪ್ಪತ್ತರ ನಡುವೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ಲೆಕ್ಕ ಹೇಳುವುದಿಲ್ಲ, ಕಿವಿಯೇ ಹೇಳಬೇಕು.

ಗಡಿಯೇನೋ ಇಎಲ್34ಗೆ ಕಡಿಮೆ. ಆದರೆ ಅದರ ಜಾಲರಿಯ ಸಂವೇದನೆ ಹೆಚ್ಚು. ತಯಾರಕರ ಪಟ್ಟಿಯಂತೆ ಜಾಲರಿಯ ವಿದ್ಯುತ್ತು ಒಂದು ವೋಲ್ಟು ಬದಲಾದರೆ 6ಎಲ್6ನಲ್ಲಿ ಪ್ರವಾಹ ಸುಮಾರು 6 ಮಿಲಿ ಆಂಪಿಯರ್ ಬದಲಾಗುತ್ತದೆ. ಇಎಲ್34ನಲ್ಲಿ ಸುಮಾರು 11. ಒಂದಕ್ಕೆ ಹೊಂದಿಸಿದ ಬಯಾಸ್ ಇನ್ನೊಂದಕ್ಕೆ ಹೊಂದದಿರುವುದು ಇದರಿಂದ. ಅಷ್ಟೇಕೆ, ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ತಯಾರಾದ ಎರಡು ಕೊಳವೆಗಳೂ ಒಂದೇ ಸಮನಾಗಿರುವುದಿಲ್ಲ. ನೊಗಕ್ಕೆ ಎತ್ತುಗಳನ್ನು ಹೂಡುವ ರೈತ ಅವುಗಳ ಎತ್ತರವನ್ನೂ ನಡಿಗೆಯನ್ನೂ ನೋಡಿ ಜೋಡಿ ಮಾಡುವಂತೆ, ಒಂದೇ ಬಯಾಸಿಗೆ ಒಂದೇ ಪ್ರಮಾಣದ ಪ್ರವಾಹವನ್ನು ಹರಿಸುವ ಕೊಳವೆಗಳನ್ನು ಪರೀಕ್ಷಿಸಿ ಜೋಡಿಯಾಗಿ ಮಾರುತ್ತಾರೆ. ಜೋಡಿ ಹೊಂದದಿದ್ದರೆ ಒಂದು ಕೊಳವೆ ಬೇಯುತ್ತಿರುವಾಗ ಇನ್ನೊಂದು ತಣ್ಣಗಿರುತ್ತದೆ; ಸ್ಪೀಕರಿನಲ್ಲಿ ಗುಂಯ್‌ಗುಟ್ಟುವ ಸದ್ದೂ ಹೆಚ್ಚುತ್ತದೆ.

ಬಯಾಸನ್ನು ಒದಗಿಸುವ ಬಗೆಗಳು ಎರಡು. ಮೊದಲನೆಯದರಲ್ಲಿ ಯಂತ್ರದ ಒಂದು ಭಾಗ ಪ್ರತ್ಯೇಕವಾಗಿ ಋಣವೋಲ್ಟನ್ನು ಉತ್ಪಾದಿಸಿ ಜಾಲರಿಗೆ ಕೊಡುತ್ತದೆ. ದೊಡ್ಡ ವರ್ಧಕಗಳಲ್ಲಿ ಅದು ಸಾಮಾನ್ಯವಾಗಿ 35ರಿಂದ 55 ವೋಲ್ಟು. ಇದನ್ನು ಸ್ಥಿರ ಬಯಾಸ್ ಎನ್ನುತ್ತಾರೆ. ಹೆಸರು ಸ್ಥಿರವಾದರೂ ಹಲವು ಯಂತ್ರಗಳಲ್ಲಿ ಅದನ್ನು ಬದಲಿಸುವುದಕ್ಕೆಂದೇ ಒಂದು ತಿರುಪು ಇರುತ್ತದೆ! ಕೆಲವು ಹಳೆಯ ಯಂತ್ರಗಳಲ್ಲಿ ಆ ತಿರುಪೂ ಇಲ್ಲದೆ, ರೋಧಕವನ್ನೇ ಬೆಸುಗೆ ಬಿಡಿಸಿ ಬದಲಿಸಬೇಕಾಗುತ್ತದೆ. ಬಾಸ್‌ಮನ್ ಮತ್ತು ಮಾರ್ಷಲ್ ಯಂತ್ರಗಳು ಈ ಬಗೆಯವು. ಈ ಋಣವೋಲ್ಟು ಯಾವ ಕಾರಣದಿಂದಾದರೂ ಕಡಿದುಹೋದರೆ ತೂಬು ಪೂರ್ತಿ ತೆರೆದಂತೆ. ಕೊಳವೆ ನೋಡುನೋಡುತ್ತಿದ್ದಂತೆ ಸುಡುತ್ತದೆ.

ಎರಡನೆಯ ಬಗೆಯಲ್ಲಿ ಪ್ರತ್ಯೇಕ ಋಣವೋಲ್ಟು ಇಲ್ಲ. ಕ್ಯಾಥೋಡಿಗೂ ನೆಲಸಂಪರ್ಕಕ್ಕೂ ನಡುವೆ ಒಂದು ರೋಧಕವನ್ನು ಇಡುತ್ತಾರೆ. ಪ್ರವಾಹ ಅದರ ಮೂಲಕ ಹರಿಯುವಾಗ ಕ್ಯಾಥೋಡು ಕೆಲವು ವೋಲ್ಟು ಧನವಾಗುತ್ತದೆ. ಜಾಲರಿ ಸೊನ್ನೆಯಲ್ಲೇ ಇದ್ದರೂ ಕ್ಯಾಥೋಡಿನ ದೃಷ್ಟಿಯಲ್ಲಿ ಅದು ಋಣವೇ ಆಯಿತಲ್ಲವೆ? ಪ್ರವಾಹ ಹೆಚ್ಚಿದರೆ ಕ್ಯಾಥೋಡು ಇನ್ನಷ್ಟು ಧನವಾಗಿ, ಜಾಲರಿ ಅದಕ್ಕೆ ಇನ್ನಷ್ಟು ಋಣವಾಗಿ, ಪ್ರವಾಹ ತಾನಾಗಿ ತಗ್ಗುತ್ತದೆ. ಹೊಟ್ಟೆ ತುಂಬುತ್ತಿದ್ದಂತೆ ತಾನೇ ಎಲೆಗೆ ಕೈ ಅಡ್ಡ ಹಿಡಿಯುವ ಮಿತಭೋಜಿಯ ನಡತೆ ಇದು. ಇಂಗ್ಲೆಂಡಿನ ಡಾರ್ಟ್‌ಫರ್ಡಿನಲ್ಲಿ ತಯಾರಾಗಿ, 1960ರ ದಶಕದಲ್ಲಿ ಬೀಟಲ್ಸ್ ತಂಡದಿಂದ ಜಗತ್ತಿಗೆಲ್ಲ ಪರಿಚಿತವಾದ ವಾಕ್ಸ್ ಎಸಿ30 ಎಂಬ ವರ್ಧಕ ಈ ಬಗೆಯದು. ಅದರಲ್ಲಿರುವುದು ಇಎಲ್84 ಎಂಬ, ಬೆರಳುದ್ದದ, ಒಂಬತ್ತು ಕಡ್ಡಿಗಳ ನಾಲ್ಕು ಪುಟ್ಟ ಕೊಳವೆಗಳು. ಒಂದೊಂದರ ಶಾಖದ ಮಿತಿ 12 ವಾಟ್ ಮಾತ್ರ. ಎಸಿ30ರಲ್ಲಿ ಅವು ಆ ಮಿತಿಯ ಅಂಚಿನಲ್ಲೇ ದುಡಿಯುತ್ತವೆ, ಬೇಗ ಸವೆಯುತ್ತವೆ. ಆ ಯಂತ್ರದ ಮಿನುಗುವ ದನಿಗೆ ತೆರುವ ಬೆಲೆ ಅದು.

ಇಎಲ್84 ಕನ್ನಡ ನಾಡಿಗೆ ಅಪರಿಚಿತವಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಗೊಂಡ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1960ರ ದಶಕದಲ್ಲಿ ರೇಡಿಯೊಗಳಿಗೆ ಬೇಕಾದ ವಾಲ್ವುಗಳನ್ನು ತಯಾರಿಸುತ್ತಿತ್ತು, ಇಎಲ್84 ಅವುಗಳಲ್ಲೊಂದು. ಊರೂರಿನ ರೇಡಿಯೊಗಳಲ್ಲಿ ವಾರ್ತೆಯನ್ನೂ ಸುಗಮ ಸಂಗೀತವನ್ನೂ ಕೇಳಿಸಿದ ಆ ಕೊಳವೆಗಳ ತಯಾರಿಕೆ ನಿಂತು ಬಹುಕಾಲವಾಯಿತು. ಆದರೆ ಬಳಸದೆ ಉಳಿದ ಹಳೆಯ ಡಬ್ಬಿಗಳನ್ನು ಹೊರದೇಶಗಳ ಗಿಟಾರು ವಾದಕರು ಇಂದಿಗೂ ಹುಡುಕಿ ಕೊಳ್ಳುವುದುಂಟು. ಇಂದು ಗಿಟಾರಿನ ಶಕ್ತಿಕೊಳವೆಗಳು ಹೆಚ್ಚಾಗಿ ಬರುವುದು ರಷ್ಯ, ಸ್ಲೊವಾಕಿಯ ಮತ್ತು ಚೀನ ದೇಶಗಳ ಬೆರಳೆಣಿಕೆಯ ಕಾರ್ಖಾನೆಗಳಿಂದ. 2022ರ ಮಾರ್ಚಿನಲ್ಲಿ ರಷ್ಯದಿಂದ ರಫ್ತಿಗೆ ತಡೆ ಬಿದ್ದಾಗ ಎಲ್ಲೆಡೆಯೂ ಬೆಲೆ ಏರಿತು. ಇದ್ದ ಕೊಳವೆಗಳನ್ನು ಜೋಪಾನವಾಗಿ ಬಾಳಿಸಬೇಕೆಂಬ ಚಿಂತೆ ಅಂದು ಅನೇಕರಿಗೆ ಹೊಸದಾಗಿ ಹುಟ್ಟಿತು.

ಇನ್ನು ಬಯಾಸನ್ನು ಅಳೆದು ಹೊಂದಿಸುವ ಕ್ರಮ. ಅದಕ್ಕೆ ಮೊದಲು ಒಂದು ಎಚ್ಚರಿಕೆಯ ಮಾತು ಅಗತ್ಯ. ಈ ವರ್ಧಕಗಳ ಒಳಗಿರುವ ವೋಲ್ಟು ಪ್ರಾಣ ತೆಗೆಯುವಂಥದು. ಗೋಡೆಯ ಪ್ಲಗ್ಗನ್ನು ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ನಾನೂರಕ್ಕೂ ಮಿಕ್ಕಿ ವೋಲ್ಟು ಬಹಳ ಹೊತ್ತು ನಿಂತಿರಬಹುದು. ಆರಿದ ಯಂತ್ರವೆಂದು ಕೈಯಿಟ್ಟು ಸತ್ತವರುಂಟು. ಆದುದರಿಂದ ಈ ಪಾಠವನ್ನು ಓದಿದ ವಿದ್ಯಾರ್ಥಿ ಯಾವ ವರ್ಧಕದ ಹಿಂಬದಿಯ ಹಲಗೆಯನ್ನೂ ಬಿಚ್ಚತಕ್ಕದ್ದಲ್ಲ. ಪಳಗಿದ ತಂತ್ರಜ್ಞನೂ ಆ ಧಾರಕಗಳನ್ನು ತಕ್ಕ ರೋಧಕದ ಮೂಲಕ ಬರಿದುಮಾಡಿ, ಬರಿದಾಯಿತೆಂದು ಮಾಪಕದಿಂದ ಖಚಿತಪಡಿಸಿಕೊಂಡೇ ಒಳಗೆ ಕೈಯಿಡುತ್ತಾನೆ. ಯಂತ್ರ ಉರಿಯುತ್ತಿರುವಾಗ ಅಳೆಯಬೇಕಾದರೆ ಒಂದು ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ಅವನ ಅಭ್ಯಾಸ. ಒಂದು ಕೈಯಿಂದ ಇನ್ನೊಂದು ಕೈಗೆ ಹರಿಯುವ ವಿದ್ಯುತ್ತು ಎದೆಯನ್ನು ಹಾದುಹೋಗುತ್ತದೆ.

ಅಳತೆಗೆ ಅವನು ಬಳಸುವ ಉಪಾಯ ಸರಳವಾದುದು, ಜಾಣತನದ್ದು. ಪ್ರತಿ ಕೊಳವೆಯ ಕ್ಯಾಥೋಡಿಗೂ ನೆಲಸಂಪರ್ಕಕ್ಕೂ ನಡುವೆ ಒಂದೇ ಒಂದು ಓಮ್ ಬೆಲೆಯ ರೋಧಕವನ್ನು ಬೆಸೆದಿರುತ್ತಾನೆ. ಓಮನ ನಿಯಮದಂತೆ ಒಂದು ಓಮಿನ ಮೂಲಕ ಒಂದು ಮಿಲಿ ಆಂಪಿಯರ್ ಹರಿದರೆ ಅದರ ಎರಡು ತುದಿಗಳ ನಡುವೆ ಒಂದು ಮಿಲಿ ವೋಲ್ಟು ಕಾಣಿಸುತ್ತದೆ. ಮಾಪಕ 40 ಮಿಲಿ ವೋಲ್ಟು ತೋರಿಸಿದರೆ ಪ್ರವಾಹ 40 ಮಿಲಿ ಆಂಪಿಯರ್, ಲೆಕ್ಕವೇ ಬೇಕಿಲ್ಲ. ಕ್ಯಾಥೋಡಿನಿಂದ ಹೊರಟುದೆಲ್ಲ ಫಲಕವನ್ನೇ ಸೇರುವುದಿಲ್ಲ. ಕೆಲವು ಮಿಲಿ ಆಂಪಿಯರ್ ಎರಡನೆಯ ಜಾಲರಿಯ ಪಾಲಾಗುತ್ತದೆ. ಅಷ್ಟನ್ನು ಕಳೆದರೆ ಫಲಕದ ಪ್ರವಾಹ ಸಿಗುತ್ತದೆ. ಫಲಕದ ವೋಲ್ಟನ್ನೂ ಮತ್ತೆ ಅಳೆಯಬೇಕು. ಪ್ರವಾಹ ಹೆಚ್ಚಿದಾಗ ವೋಲ್ಟು ತುಸು ಕುಸಿಯುವುದರಿಂದ ತಿರುಪನ್ನು ಮುಟ್ಟಿದಾಗಲೆಲ್ಲ ಎರಡೂ ಅಂಕಿಗಳು ಬದಲಾಗುತ್ತವೆ.

ಈ ಕೆಲಸದಲ್ಲಿ ಅವಸರ ಸಲ್ಲದು. ಸ್ಪೀಕರನ್ನು ಜೋಡಿಸಿದ ಹೊರತು ತಂತ್ರಜ್ಞ ಯಂತ್ರವನ್ನು ಹೊತ್ತಿಸುವುದಿಲ್ಲ. ಹೊರೆಯಿಲ್ಲದೆ ದುಡಿಸಿದರೆ ಟ್ರಾನ್ಸ್‌ಫಾರ್ಮರಿಗೆ ಕೇಡು. ಹೊಸ ಕೊಳವೆಗಳನ್ನು ಹಾಕುವ ಮೊದಲು ಬಯಾಸನ್ನು ಅತ್ಯಂತ ತಣ್ಣಗೆ ಇಳಿಸುತ್ತಾನೆ. ಗಾಜಿನ ತುದಿಯಲ್ಲಿ ಕನ್ನಡಿಯಂಥ ಬೆಳ್ಳಿಬಣ್ಣದ ಲೇಪ ಇದೆಯೇ ಎಂದು ನೋಡುತ್ತಾನೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಸೇರಿದೆ, ಆ ಕೊಳವೆ ಸತ್ತಿದೆ ಎಂದೇ ಅರ್ಥ. ಬಳಿಕ ಯಂತ್ರವನ್ನು ಹೊತ್ತಿಸಿ, ಗಿಟಾರನ್ನು ಜೋಡಿಸದೆ, ಧ್ವನಿಯ ತಿರುಪುಗಳನ್ನು ಸೊನ್ನೆಯಲ್ಲಿರಿಸಿ ಕಾಯುತ್ತಾನೆ. ಅಂಕಿಗಳು ನಿಧಾನವಾಗಿ ಏರುತ್ತವೆ, ಅಲುಗುತ್ತವೆ, ನೆಲೆಗೊಳ್ಳುತ್ತವೆ. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಕಾಯುತ್ತಾನೆ. ಇಪ್ಪತ್ತೆಂಟು, ಮೂವತ್ತಮೂರು, ಮೂವತ್ತಾರು. ಅರ್ಧ ಗಂಟೆಯ ಮೇಲೆ ಮತ್ತೊಮ್ಮೆ ಅಳೆಯುತ್ತಾನೆ.

ಕೊನೆಗೆ ಮೇಜಿನ ದೀಪವನ್ನು ಆರಿಸಿ ಕತ್ತಲೆಯಲ್ಲಿ ಕೊಳವೆಗಳನ್ನು ದಿಟ್ಟಿಸುತ್ತಾನೆ. ನಡುವೆ ತಂತುವಿನ ಕಿತ್ತಳೆ ಬೆಳಕು ಇರಬೇಕಾದುದೇ. ಗಾಜಿನ ಒಳಮೈಯಲ್ಲಿ ಕೆಲವೊಮ್ಮೆ ನಸುನೀಲಿ ಹೊಳಪು ಆಡುತ್ತದೆ. ದಾರಿ ತಪ್ಪಿದ ಎಲೆಕ್ಟ್ರಾನುಗಳು ಗಾಜನ್ನು ತಾಕಿ ಹುಟ್ಟಿಸುವ ಬೆಳಕು ಅದು, ಅಪಾಯವಿಲ್ಲ. ಅವನು ಹುಡುಕುವುದು ಬೂದುಬಣ್ಣದ ಫಲಕದ ಮೇಲೆ ಎಲ್ಲಾದರೂ ಕೆಂಪಿನ ಸುಳಿವಿದೆಯೇ ಎಂದು. ಇಲ್ಲವೆಂದು ಖಚಿತವಾದ ಮೇಲೆ ದೀಪ ಹಚ್ಚಿ, ಹಿಂಬದಿಯ ಹಲಗೆಯನ್ನು ಮುಚ್ಚಿ, ಗಿಟಾರನ್ನು ಜೋಡಿಸಿ ಒಂದೇ ತಂತಿಯನ್ನು ಮೆಲ್ಲನೆ ಮೀಟುತ್ತಾನೆ. ಸ್ವರ ಕ್ಷೀಣಿಸುತ್ತ ಹೋಗಿ ಪೂರ್ತಿ ಅಡಗುವವರೆಗೂ ಕಿವಿಗೊಟ್ಟು ಕೇಳುತ್ತಾನೆ. ಬಯಾಸ್ ತಣ್ಣಗಿದ್ದರೆ ಆ ಕೊನೆಯ ಎಳೆಯಲ್ಲೇ ಕೆರೆತ ಕೇಳಿಸುತ್ತದೆ.